ಮೂರನೇ ಚಿತ್ರ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕಾಂತಕ್ಕ ಎಂದೇ ಕರೆಯುತ್ತಿದ್ದರು. ಅದು ಹೆತ್ತವರು ಇಟ್ಟ ಹೆಸರಲ್ಲ. ನೆಲಮಾಳಿಗೆಯ ಕೋಣೆಯಲ್ಲಿ ಎಮ್ಮೆಗಾತ್ರದ ಒಂದು ಅಯಸ್ಕಾಂತವಿತ್ತು, ಹದಿನೆಂಟು ವರ್ಷದಿಂದ ಅದರ ಉಸ್ತುವಾರಿ ಅವಳದು. 'ಅಯಸ್ಕಾಂತದ ಅಕ್ಕ' ಎಂಬುದು ಬಾಯಿಂದ ಬಾಯಿಗೆ ಸವೆದು ಕಾಂತಕ್ಕ ಆಗಿತ್ತು. ಸಂಬಳದ ಚೀಟಿಯಲ್ಲಿ ಬೇರೆ ಹೆಸರು ನೋಡಿ ಹೊಸಬರು ಇದು ಯಾರದು ಎಂದು ಕೇಳುವುದಿತ್ತು.

ಅವಳ ಗಂಡ ದರ್ಜಿ. ಬೆಳಿಗ್ಗೆ ಹೆಂಡತಿ ಮನೆ ಬಿಡುವ ಮುಂಚೆ ಅವಳ ತೋಳು, ಬೆನ್ನು, ಚೀಲದ ಪಟ್ಟಿಯ ಮೇಲೆಲ್ಲ ಕೈಯಾಡಿಸಿ ಗುಂಡುಸೂಜಿ ಹುಡುಕುವುದು ಅವನ ಮೊದಲ ಕೆಲಸ. ಒಮ್ಮೆ ಒಂದು ಸೂಜಿ ಅವಳ ತೋಳಿನಿಂದ ಹಾರಿ ಅಯಸ್ಕಾಂತದ ಬಾಯಿಗೆ ಹೋಗಿ ಕೂತು, ಅದನ್ನು ಬಿಡಿಸಲು ಇಡೀ ದಿನ ಹಿಡಿದಿತ್ತು. ಅಂದಿನಿಂದ ಕಾಂತಕ್ಕನ ಅತ್ತೆ ತಮ್ಮ ಮಗನನ್ನು, "ಸೂಜಿ ನಿಂದು, ಬೈಗುಳ ಅವಳದು" ಎಂದು ಆಗಾಗ ಕಿಚಾಯಿಸುತ್ತಿದ್ದರು.

ಎಲೆಕ್ಟ್ರಾನಿಕ್ ಸಾಧನಗಳ ಬಿಡಿಭಾಗಗಳಲ್ಲಿ ಸೂಕ್ಷ್ಮದರ್ಶಕಕ್ಕೂ ಸಿಗದ ದೋಷವನ್ನು ಪತ್ತೆಹಚ್ಚುವುದು ಕಾಂತಕ್ಕನ ಕೆಲಸ. ಕಂಪನಿಗಳು ಮಾದರಿ ಕಳಿಸುತ್ತಿದ್ದವು. ಅವಳು ಅಳೆದು ವರದಿ ಬರೆದು, ಕೊನೆಯ ಹಾಳೆಗೆ ಸಹಿ ಹಾಕಿ ಮೇಲಿನ ಮಹಡಿಗೆ ಕಳಿಸುತ್ತಿದ್ದಳು. ಅಲ್ಲಿಂದಾಚೆ ಅದು ಎಲ್ಲಿಗೆ ಹೋಗುತ್ತದೆ, ಯಾರು ಓದುತ್ತಾರೆ ಎಂದು ಅವಳು ಕೇಳಿದವಳಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಸ್ವಾಗತದ ಮೇಜಿನಿಂದ ಫೋನ್ ಬಂತು. ಯಾರೋ ಒಬ್ಬ ಹೆಂಗಸು ಬಂದು ಕೂತಿದ್ದಾಳೆ, ಎಷ್ಟು ಹೇಳಿದರೂ ಏಳುತ್ತಿಲ್ಲ ಎಂದರು. ಕಾಂತಕ್ಕ ಮೇಲೆ ಹೋದಳು. ಮೂವತ್ತರ ಆಸುಪಾಸಿನ ಹೆಂಗಸು, ಕುರ್ಚಿಯ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಮಡಿಲಲ್ಲಿ ಪ್ಲಾಸ್ಟಿಕ್ ಕಡತ. ಕಾಂತಕ್ಕನನ್ನು ಕಂಡವಳೇ ಎದ್ದು, ಕಡತ ತೆರೆದು, ಒಂದು ಸಹಿಯ ಮೇಲೆ ಬೆರಳಿಟ್ಟಳು.

"ಇದು ನಿಮ್ಮ ಸಹೀನಾ?"

"ಹೌದು, ನಂದೇ."

"ಹಾಗಾದ್ರೆ ನನ್ನ ಮುಖ ಸರಿಯಾಗಿ ನೋಡ್ಕೊಳ್ಳಿ ಮೇಡಂ. ನಿಮ್ಮ ಸಹಿಯಿಂದ ಕೊಲೆಗಾತಿ ಅನ್ನಿಸ್ಕೊಂಡವಳು ನಾನು."

ಅವಳು ನಗರದ ದೊಡ್ಡ ಆಸ್ಪತ್ರೆಯ ನರ್ಸ್. ಎರಡು ತಿಂಗಳ ಹಿಂದೆ ಅವಳ ವಾರ್ಡಿನಲ್ಲಿ ಒಬ್ಬ ವೃದ್ಧರು ತೀರಿಕೊಂಡಿದ್ದರು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಮೇಷ್ಟ್ರು. ಅವರ ರಕ್ತನಾಳಕ್ಕೆ ಒಂದು ಔಷಧವನ್ನು ಹನಿಹನಿಯಾಗಿ ಬಿಡಲು ಮೋಟಾರಿನ ಪಂಪ್ ಜೋಡಿಸಿದ್ದರು. ಗಂಟೆಗೆ ನಾಲ್ಕು ಮಿಲಿಲೀಟರ್ ಹೋಗಬೇಕಾದದ್ದು, ಮಧ್ಯಾಹ್ನದೊಳಗೆ ಇಡೀ ಸಿರಿಂಜೇ ಖಾಲಿಯಾಗಿತ್ತು. ನರ್ಸ್ ನಾಲ್ಕರ ಬದಲು ನಲವತ್ತು ಒತ್ತಿದ್ದಾಳೆ ಎಂದಿತು ಪಂಪಿನ ಕಂಪನಿ. ಒತ್ತಿದ್ದು ಎಷ್ಟು ಎಂದು ಪಂಪಿನ ನೆನಪಿನಲ್ಲೇ ದಾಖಲಾಗಬೇಕಿತ್ತು. ಆದರೆ ಮರುದಿನವೇ ಕಂಪನಿಯವರು ಬಂದು, ಪರಿಶೀಲನೆಯ ನೆಪದಲ್ಲಿ ಅದನ್ನು ಅಳಿಸಿ ಕೈ ತೊಳೆದುಕೊಂಡಿದ್ದರು. ಆಸ್ಪತ್ರೆ ನರ್ಸನ್ನು ಅಮಾನತು ಮಾಡಿತು. ಈಗ ವಿಚಾರಣಾ ಸಮಿತಿಯ ಮುಂದೆ ಕಂಪನಿ ಇಟ್ಟಿದ್ದ ದೊಡ್ಡ ಸಾಕ್ಷಿ ಎಂದರೆ ಈ ವರದಿ.

ಕಾಂತಕ್ಕ ಮೊದಲ ಹಾಳೆ ಓದಿದಳು. 'ಪರೀಕ್ಷಿಸಿದ ಆರು ಮಾದರಿಗಳಲ್ಲೂ ಯಾವುದೇ ದೋಷ ಕಂಡುಬಂದಿಲ್ಲ.' ಮತ್ತೊಮ್ಮೆ ಓದಿದಳು.

"ಇದನ್ನ ನಾನು ಬರೆದಿಲ್ಲ," ಎಂದಳು.

"ಸಹಿ ನಿಮ್ಮದೇ ಅಂದ್ರಲ್ಲ ಈಗ?"

"ಸಹಿ ನಂದು. ಮಾತು ನಂದಲ್ಲ. ಆರಕ್ಕೆ ಆರರಲ್ಲೂ ದೋಷ ಇತ್ತು. ನನ್ನ ಕೈಯಾರೆ ಅಳೆದಿದ್ದೀನಿ."

ನರ್ಸ್ ಕುರ್ಚಿಯ ಮೇಲೆ ಕುಸಿದಳು. ಎರಡು ತಿಂಗಳಲ್ಲಿ 'ನಿನ್ನ ತಪ್ಪಲ್ಲ' ಎಂಬರ್ಥದ ಮಾತು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. ಅಳಲಿಲ್ಲ. "ಯಾವ ದೋಷ? ನನಗೆ ಅರ್ಥ ಆಗೋ ಹಾಗೆ ಹೇಳಿ," ಎಂದಳು.

ಕಾಂತಕ್ಕ ಪಕ್ಕದ ಕುರ್ಚಿ ಎಳೆದುಕೊಂಡಳು. "ಪಂಪಿನ ಮೋಟಾರಿಗೆ ಕರೆಂಟು ಬಿಡೋಕೆ, ನಿಲ್ಲಿಸೋಕೆ ಒಂದು ಪುಟ್ಟ ಸ್ವಿಚ್ಚಿರುತ್ತೆ. ಟ್ರಾನ್ಸಿಸ್ಟರ್ ಅಂತೀವಿ. ಅದರೊಳಗೆ ಗಾಜಿನಂಥ ಒಂದು ಪದರ, ತುಂಬಾ ತೆಳು. ಅದನ್ನ ಅವಸರದಲ್ಲಿ ಮಾಡಿದ್ರೆ ಅಲ್ಲಲ್ಲಿ ಪರಮಾಣುಗಳ ಕೊಂಡಿ ಬಿಟ್ಟುಹೋಗಿರುತ್ತೆ. ಸಾಮಾನ್ಯವಾಗಿ ಎಲೆಕ್ಟ್ರಾನುಗಳು ಜೋಡಿಜೋಡಿಯಾಗಿರ್ತವೆ. ಕೊಂಡಿ ಬಿಟ್ಟ ಕಡೆ ಒಂದು ಒಂಟಿಯಾಗಿ ಉಳಿಯುತ್ತೆ."

"ಉಳಿದ್ರೆ ಏನಾಗುತ್ತೆ?"

"ತಣ್ಣಗಿದ್ದಾಗ ಏನೂ ಆಗಲ್ಲ. ಅದಕ್ಕೇ ಮಾಮೂಲಿ ಪರೀಕ್ಷೇಲಿ ಪಾಸಾಗುತ್ತೆ. ನಾಲ್ಕೈದು ಗಂಟೆ ಬಿಸಿಯಾಗಿ ಓಡಿದ ಮೇಲೆ ಆ ಜಾಗದಲ್ಲಿ ಚಾರ್ಜು ಸಿಕ್ಕಿಹಾಕ್ಕೊಳ್ಳುತ್ತೆ. ಆಮೇಲೆ 'ನಿಲ್ಲು' ಅಂದ್ರೂ ಸ್ವಿಚ್ಚು ನಿಲ್ಲಲ್ಲ. ಮೋಟಾರು ಓಡ್ತಾನೇ ಇರುತ್ತೆ."

"ಅದು ಕಣ್ಣಿಗೇ ಕಾಣಲ್ಲ ಅಂದ್ರೆ ನಿಮಗೆ ಹೇಗೆ ಗೊತ್ತಾಯ್ತು?"

"ಆ ಒಂಟಿ ಎಲೆಕ್ಟ್ರಾನು ತಾನೇ ಒಂದು ಚಿಕ್ಕ ಅಯಸ್ಕಾಂತ ಇದ್ದ ಹಾಗೆ. ಸ್ವಿಚ್ಚನ್ನ ನನ್ನ ದೊಡ್ಡ ಅಯಸ್ಕಾಂತದೊಳಗೆ ಇಟ್ಟು, ಸೂಕ್ಷ್ಮ ತರಂಗ ಬಿಟ್ಟು, ಕಾಂತದ ಬಲಾನ ನಿಧಾನಕ್ಕೆ ಏರಿಸ್ತಾ ಹೋಗ್ತೀನಿ. ಒಂದು ಹಂತದಲ್ಲಿ ಅದು ಮಗುಚಿಕೊಳ್ಳುತ್ತೆ. ಆಗ ಸ್ವಿಚ್ಚಿನಲ್ಲಿ ಹರಿಯೋ ಕರೆಂಟು ಒಂಚೂರು, ಹತ್ತು ಲಕ್ಷದಲ್ಲಿ ಒಂದು ಪಾಲು, ಅಲ್ಲಾಡುತ್ತೆ. ಯಾವ ಬಲದಲ್ಲಿ ಅಲ್ಲಾಡ್ತು ಅನ್ನೋದರ ಮೇಲೆ ಎಂಥ ದೋಷ ಅಂತ ಹೇಳಬಹುದು. ದೋಷ ಇಲ್ಲದ್ದು ಏನು ಮಾಡಿದ್ರೂ ಅಲ್ಲಾಡಲ್ಲ."

ನರ್ಸ್ ಕಡತ ಮುಚ್ಚಿದಳು. "ನಾನು ನಾಲ್ಕೇ ಒತ್ತಿದ್ದೆ ಮೇಡಂ. ಮೇಷ್ಟ್ರ ಮಗಳ ಮುಂದೆ ಎಷ್ಟು ಸಲ ಹೇಳಿದೆ. ಆಕೆ ನನ್ನ ಮುಖಾನೂ ನೋಡಲಿಲ್ಲ."

ಕಾಂತಕ್ಕ ಕಡತವನ್ನು ಕೈಯಲ್ಲಿ ಹಿಡಿದೇ ನಿರ್ದೇಶಕರ ಕೋಣೆಗೆ ನುಗ್ಗಿದಳು. ಬಾಗಿಲು ತಟ್ಟುವ ವ್ಯವಧಾನ ಇರಲಿಲ್ಲ. ಅವರು ವರದಿಯ ಮೇಲೆ ಕಣ್ಣಾಡಿಸಿ, ಕನ್ನಡಕ ತೆಗೆದು ಒರೆಸತೊಡಗಿದರು.

"ಇದರಲ್ಲಿ ಸುಳ್ಳೇನಿದೆ? ಮಾಮೂಲಿ ಪರೀಕ್ಷೇಲಿ ದೋಷ ಕಾಣಲಿಲ್ಲ ತಾನೇ? ಅಯಸ್ಕಾಂತದಲ್ಲಿಟ್ಟು ಮಾಡೋ ನಿಮ್ಮ ಅನುರಣನದ ಪರೀಕ್ಷೆ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಅಧಿಕೃತ ಮಾನದಂಡದ ಪಟ್ಟೀಲಿ ಇಲ್ಲ. ಅದಕ್ಕೆ ಆ ಭಾಗ ಬಿಟ್ಟೆವು."

"ಬಿಟ್ಟಿರಾ? ಬಿಟ್ಟಿದ್ರೆ ಬಿಟ್ಟಿದ್ದೀವಿ ಅಂತ ಬರೀಬೇಕಿತ್ತು. ಅದರ ಕೆಳಗೆ ನನ್ನ ಸಹಿ ಯಾಕೆ ಸಾರ್?"

"ಸ್ವಲ್ಪ ಮೆತ್ತಗೆ ಮಾತಾಡಿ."

"ಒಬ್ಬರು ಸತ್ತಿದ್ದಾರೆ. ಇನ್ನೊಬ್ಬಳನ್ನ ಬದುಕಿದ್ದಾಗಲೇ ಸಾಯಿಸ್ತಿದ್ದೀರಿ. ನಾನು ಮೆತ್ತಗೆ ಮಾತಾಡಬೇಕಾ?"

ಅವರು ಕಿಟಕಿಯ ಕಡೆ ಕೈ ತೋರಿಸಿದರು. ಹೊರಗೆ ಅಂಗಳದಲ್ಲಿ ಹೊಸ ಕಟ್ಟಡದ ಕಂಬಗಳು ಎದ್ದು ನಿಂತಿದ್ದವು. ಪಂಪಿನ ಕಂಪನಿಯೇ ಪ್ರಯೋಗಾಲಯಕ್ಕೆ ಕಟ್ಟಿಸಿಕೊಡುತ್ತಿದ್ದ ಕಟ್ಟಡ. "ಅದರಲ್ಲಿ ನಿಮಗೊಂದು ಹೊಸ ಅಯಸ್ಕಾಂತದ ಕೋಣೆ ಇದೆ," ಎಂದರು, ಮಗುವಿಗೆ ಪೆಪ್ಪರಮಿಂಟು ತೋರಿಸುವ ಧ್ವನಿಯಲ್ಲಿ. ಆಮೇಲೆ, ನಿಮ್ಮ ಅಳತೆಯ ಪುಸ್ತಕವನ್ನು ಸಂಜೆಯೊಳಗೆ ಕಚೇರಿಗೆ ಒಪ್ಪಿಸಿ, ಲೆಕ್ಕಪರಿಶೋಧನೆಗೆ ಬೇಕು ಎಂದೂ ಸೇರಿಸಿದರು.

ಅಳತೆಯ ಪುಸ್ತಕವೆಂದರೆ ಪುಟಸಂಖ್ಯೆ ಅಚ್ಚಾದ, ಹಾಳೆ ಹರಿಯಲು ಬಾರದಂತೆ ಹೊಲಿದ ದಪ್ಪ ಪುಸ್ತಕ. ಪ್ರತಿ ಅಳತೆಯೂ ಅಂದಿನ ತಾರೀಕಿನೊಂದಿಗೆ ಅವಳ ಕೈಬರಹದಲ್ಲಿ ಅದರಲ್ಲಿತ್ತು. ಕಾಂತಕ್ಕ ಕೆಳಗಿಳಿದು ಅದನ್ನು ಚೀಲಕ್ಕೆ ಹಾಕಿಕೊಂಡಳು, ಅರ್ಧ ದಿನದ ರಜೆ ಬರೆದಿಟ್ಟು ಮನೆಗೆ ನಡೆದಳು. ಹದಿನೆಂಟು ವರ್ಷದಲ್ಲಿ ಅವಳು ನಿಯಮ ಮೀರಿದ್ದು ಅದೇ ಮೊದಲು.

ಮನೆಯಲ್ಲಿ ಗಂಡ ಯಾರದೋ ಕೋಟಿನ ತೋಳು ಬಿಚ್ಚುತ್ತ ಕೂತಿದ್ದ. ಎಲ್ಲವನ್ನೂ ಕೇಳಿ ಕತ್ತರಿ ಕೆಳಗಿಟ್ಟ. "ದೊಡ್ಡೋರ ವಿಷಯ. ಕೆಲಸಕ್ಕೆ ಕುತ್ತು ಬಂದ್ರೆ? ಒಂದು ಪತ್ರ ಬರೆದು ಸುಮ್ಮನಿದ್ದುಬಿಡು."

ಅತ್ತೆ ಸಿಡಿದರು. ಅವರು ಮೂವತ್ತು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಜನರ ಸಹಿ ತಾಳೆ ನೋಡಿದವರು. "ಸುಮ್ಮನಿರೋದು? ನಿನ್ನ ಕೈಯಲ್ಲಿ ಹೊಲಿದ ಅಂಗಿಗೆ ಇನ್ನೊಬ್ಬ ವಿಷ ಬಳಿದು, ಇದು ಈ ದರ್ಜಿ ಹೊಲಿದದ್ದು ಅಂತ ಮಾರಿದ್ರೆ ಸುಮ್ಮನಿರ್ತೀಯೇನೋ? ಕೊಡಮ್ಮಾ ಇಲ್ಲಿ ಆ ಕಾಗದ."

ನರ್ಸ್ ಕೊಟ್ಟಿದ್ದ ಪ್ರತಿಯನ್ನು ಅವರು ಊಟದ ಮೇಜಿನ ಮೇಲೆ ಹರಡಿ, ಹಾಳೆ ಹಾಳೆಯಾಗಿ ಬೆಳಕಿಗೆ ಹಿಡಿದು ನೋಡಿದರು. ಒಟ್ಟು ನಾಲ್ಕು ಹಾಳೆ. ಕೊನೆಯದರಲ್ಲಿ ಯಂತ್ರದ ವಿವರ ಮತ್ತು ಸಹಿ. ಅವರ ಬೆರಳು ಅಲ್ಲಿ ನಿಂತಿತು.

"'ಚಿತ್ರ ಮೂರರ ಅಳತೆಗೆ ಬಳಸಿದ ಕಾಂತಕ್ಷೇತ್ರ' ಅಂತ ಇದೆಯಲ್ಲ ಇಲ್ಲಿ. ಮೂರನೇ ಚಿತ್ರ ಎಲ್ಲಮ್ಮ? ನಾನು ಎರಡೇ ನೋಡಿದ್ದು."

ಕಾಂತಕ್ಕ ಹಾಳೆಗಳನ್ನು ಕಸಿದುಕೊಂಡಳು. ನಿಜ. ಮೊದಲ ಮೂರು ಹಾಳೆಗಳನ್ನು ಹೊಸದಾಗಿ ಅಚ್ಚುಹಾಕಿ, ಸಹಿಯಿದ್ದ ಕೊನೆಯ ಹಾಳೆಯನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದರು. ಕಳ್ಳತನ ಮಾಡಿದವರು ಕೊನೆಯ ಹಾಳೆ ಓದುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ. ಮೂರನೇ ಚಿತ್ರವೇ ಆ ಆರು ಮಾದರಿಗಳ ಗೆರೆ. ಒಂದೇ ಜಾಗದಲ್ಲಿ ಆರು ಬಾರಿ ಎದ್ದು ಬಿದ್ದ ಗೆರೆ.

"ನಮ್ಮಲ್ಲಿ ಹೀಗೆ ಮಾಡಿದವನನ್ನ ಅದೇ ದಿನ ಬೀದಿಗೆ ಹಾಕ್ತಿದ್ವಿ," ಎಂದರು ಅತ್ತೆ. ಗಂಡ ಎದ್ದು ಹೋಗಿ ಅಂಗಡಿಯ ಬಾಗಿಲು ಹಾಕಿ ಬಂದು, "ನಾಳೆ ಸಮಿತಿ ಮುಂದೆ ಹೋಗೋಣ, ನಾನೂ ಜೊತೆಗೆ ಬರ್ತೀನಿ," ಎಂದ.

ವಿಚಾರಣಾ ಸಮಿತಿ ಆಸ್ಪತ್ರೆಯ ಗ್ರಂಥಾಲಯದಲ್ಲಿ ಸೇರುತ್ತಿತ್ತು. ಅಧ್ಯಕ್ಷೆ ಒಬ್ಬ ನಿವೃತ್ತ ನ್ಯಾಯಾಧೀಶೆ, ಸಣ್ಣ ಮೈಯ, ದೊಡ್ಡ ಕೈಚೀಲದ ಮುದುಕಿ. ಕಾಂತಕ್ಕ ಅಳತೆಯ ಪುಸ್ತಕವನ್ನು ಅವರ ಮುಂದಿಟ್ಟು, ನಡೆದದ್ದನ್ನು ಹೇಳಿದಳು. ಕಂಪನಿಯ ವಕೀಲ ಕೂತಲ್ಲಿಂದಲೇ ನಕ್ಕ.

"ಸಂಸ್ಥೆಯ ಪುಸ್ತಕ ಕದ್ದು ತಂದವರ ಮಾತು ಇದು. ಅದೂ ಯಾವ ಪರೀಕ್ಷೆ? ಈಕೆಯೊಬ್ಬರಿಗೇ ಕಾಣುವ ಗೆರೆ! ದೆವ್ವ ನೋಡಿದೆ ಅಂದ್ರೂ ನಾವು ಬರ್ಕೋಬೇಕಾ?"

ಕಾಂತಕ್ಕನ ಮೈ ಉರಿಯಿತು. "ಪುಸ್ತಕ ಕದ್ದಿಲ್ಲ, ಕಳ್ಳರ ಕೈಗೆ ಸಿಗದ ಹಾಗೆ ತಂದಿದ್ದೀನಿ. ದೆವ್ವ ಅಂತೀರಲ್ಲ, ನೀವೇ ಪರೀಕ್ಷೆ ಮಾಡಿ. ಒಳ್ಳೆ ಸ್ವಿಚ್ಚು, ಕೆಟ್ಟ ಸ್ವಿಚ್ಚು ಬೆರೆಸಿ ಕೊಡಿ. ಯಾವುದು ಯಾವುದು ಅಂತ ನನಗೆ ಹೇಳಬೇಡಿ. ನಾನೇ ಹೇಳ್ತೀನಿ."

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. "ತಪ್ಪಿದರೆ?"

"ತಪ್ಪಿದರೆ ನನ್ನ ಹದಿನೆಂಟು ವರ್ಷದ ಕೆಲಸಾನೇ ಸುಳ್ಳು ಅಂತ ಬರೆದುಕೊಳ್ಳಿ."

ನರ್ಸ್ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಪಕ್ಕದ ಕುರ್ಚಿಗಳೆಲ್ಲ ಖಾಲಿ ಇದ್ದವು. ಅವಳ ಜೊತೆ ಹತ್ತು ವರ್ಷ ಕೆಲಸ ಮಾಡಿದವರು ಕೂಡ ಕೋಣೆಯ ಇನ್ನೊಂದು ಬದಿಗೆ ಕೂತಿದ್ದರು. ಕಾಂತಕ್ಕನ ಗಂಡ ಸುತ್ತ ನೋಡಿ, ಎದ್ದು ಹೋಗಿ ನರ್ಸಿನ ಪಕ್ಕ ಕೂತ.

ಮೇಷ್ಟ್ರಿಗೆ ಜೋಡಿಸಿದ್ದ ಪಂಪಿನ ಜೊತೆಗೇ ತಯಾರಾಗಿ ಬಂದ, ಅದೇ ತಂಡದ ಪಂಪುಗಳು ಆಸ್ಪತ್ರೆಯ ಉಗ್ರಾಣದಲ್ಲಿ ಇನ್ನೂ ಇದ್ದವು. ಹಿಂದಿನ ವರ್ಷ ಬಂದ ಹಳೆಯವೂ ಇದ್ದವು. ನ್ಯಾಯಾಧೀಶೆಯ ಕಣ್ಣೆದುರೇ ಆಸ್ಪತ್ರೆಯ ಯಂತ್ರ ರಿಪೇರಿಯವನು ಹತ್ತು ಸ್ವಿಚ್ಚುಗಳನ್ನು ಬೆಸುಗೆ ಬಿಡಿಸಿ ತೆಗೆದ. ಅವನ್ನು ನಂಬರು ಬರೆದ ಹತ್ತು ಲಕೋಟೆಗಳಲ್ಲಿ ಹಾಕಿ ಅಂಟಿಸಿದರು. ಯಾವ ನಂಬರು ಯಾವ ಪಂಪಿನದು ಎಂಬ ಪಟ್ಟಿ ನ್ಯಾಯಾಧೀಶೆಯ ದೊಡ್ಡ ಕೈಚೀಲ ಸೇರಿತು.

ಅಷ್ಟರಲ್ಲಿ ಪ್ರಯೋಗಾಲಯದಲ್ಲಿ ನಿರ್ದೇಶಕರು ಅಯಸ್ಕಾಂತದ ಕೋಣೆಗೆ ಹೊಸ ಬೀಗ ಜಡಿಸಿದ್ದರು. ಕೋಣೆಗೆ ದುರಸ್ತಿ ನಡೆಯುತ್ತಿದೆಯಂತೆ. ನ್ಯಾಯಾಧೀಶೆ ಬಾಗಿಲ ಮುಂದೆ ಒಂದು ಸ್ಟೂಲು ತರಿಸಿ ಹಾಕಿಕೊಂಡು ಕೂತರು. "ದುರಸ್ತಿ ಮುಗಿಯೋವರೆಗೆ ಕಾಯ್ತೀನಿ. ನನಗೇನೂ ಬೇರೆ ಕೆಲಸ ಇಲ್ಲ," ಎಂದರು. ಇಪ್ಪತ್ತು ನಿಮಿಷದಲ್ಲಿ ದುರಸ್ತಿ ಮುಗಿಯಿತು.

ಅಳತೆಗೆ ಎರಡು ಹಗಲು ಹಿಡಿಯಿತು. ಕೋಣೆಯಲ್ಲಿ ತಂಪುನೀರು ಹರಿಯುವ ಕೊಳವೆಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕಾಂತಕ್ಕ ಒಂದೊಂದೇ ಲಕೋಟೆ ಒಡೆದು, ಸ್ವಿಚ್ಚಿನ ಕಾಲುಗಳಿಗೆ ಕೂದಲೆಳೆಯ ತಂತಿ ಹಚ್ಚಿ, ಗಾಜಿನ ಕೊಳವೆಯಲ್ಲಿ ಇಳಿಬಿಟ್ಟು, ಅಯಸ್ಕಾಂತದ ಎರಡು ದವಡೆಗಳ ನಡುವೆ ಕೂರಿಸಿದಳು. ಒಂದೊಂದಕ್ಕೂ ನೂರಾರು ಸಲ ಕಾಂತದ ಬಲವನ್ನು ಏರಿಸಿ ಇಳಿಸಿ, ಪರದೆಯ ಮೇಲಿನ ಅಡ್ಡಾದಿಡ್ಡಿ ಗೀಚುಗಳ ಗದ್ದಲದೊಳಗಿಂದ ಗೆರೆ ಮೇಲೇಳಲು ಕಾದಳು. ಕಂಪನಿಯ ವಕೀಲ ಬಾಗಿಲಲ್ಲಿ ನಿಂತು ಆಕಳಿಸುತ್ತಿದ್ದ. ತನ್ನ ಕೈಗಡಿಯಾರ ಕೆಡುತ್ತದೆಂದು ಒಳಗೆ ಬರಲಿಲ್ಲ.

ಎರಡನೇ ದಿನ ಮಧ್ಯಾಹ್ನ ಅವಳು ಹಾಳೆಯೊಂದನ್ನು ಕೊಟ್ಟಳು. ಆರರಲ್ಲಿ ದೋಷವಿದೆ. ಮೂರು ಶುದ್ಧ. ಏಳನೇ ನಂಬರಿನ ಮುಂದೆ ಬರೆದಿದ್ದಳು: 'ಹೇಳಲಾರೆ.'

"ಹೇಳಲಾರೆ!" ವಕೀಲ ಹಾಳೆಯ ಮೇಲೆ ಬೆರಳಿನಿಂದ ಕುಟ್ಟಿದ. "ನೋಡಿದ್ರಾ? ಗೊತ್ತಿಲ್ಲವಂತೆ!"

"ತಂತಿ ಸರಿಯಾಗಿ ಕೂರಲಿಲ್ಲ. ಗದ್ದಲ ಜಾಸ್ತಿ ಇತ್ತು. ಇದೆ ಅಂದ್ರೂ ಸುಳ್ಳು, ಇಲ್ಲ ಅಂದ್ರೂ ಸುಳ್ಳು," ಎಂದಳು ಕಾಂತಕ್ಕ.

ನ್ಯಾಯಾಧೀಶೆ ಕೈಚೀಲದಿಂದ ಪಟ್ಟಿ ತೆಗೆದು, ಒಂದೊಂದಾಗಿ ತಾಳೆ ಹಾಕಿದರು. ಏಳು ಸ್ವಿಚ್ಚುಗಳು ಆ ತಂಡದವು, ಮೂರು ಹಳೆಯವು. ಅವಳು ದೋಷವಿದೆ ಎಂದ ಆರೂ ಆ ತಂಡದವೇ. ಶುದ್ಧ ಎಂದ ಮೂರೂ ಹಳೆಯವು. ಹೇಳಲಾರೆ ಎಂದದ್ದು ಆ ತಂಡದಲ್ಲಿ ಉಳಿದ ಇನ್ನೊಂದು.

"ಊಹೆ ಮಾಡುವವರಾಗಿದ್ರೆ ಏಳನೇದಕ್ಕೂ ಏನೋ ಒಂದು ಬರೀತಿದ್ರು," ಎಂದು ನ್ಯಾಯಾಧೀಶೆ ವಕೀಲನ ಕಡೆ ತಿರುಗಿದರು. "ಈಗ ಮೂರನೇ ಚಿತ್ರ ಎಲ್ಲಿ ಹೋಯ್ತು ಅಂತ ನೀವು ನನಗೆ ಹೇಳಬೇಕು."

ಆ ಪ್ರಶ್ನೆಗೆ ನೇರ ಉತ್ತರ ಕೊನೆಗೂ ಬರಲಿಲ್ಲ. ಗುಮಾಸ್ತರ ಕಣ್ತಪ್ಪು ಎಂದರು, ಮುದ್ರಣದೋಷ ಎಂದರು. ಆದರೆ ಪಂಪುಗಳನ್ನು ಎಲ್ಲ ಆಸ್ಪತ್ರೆಗಳಿಂದ ಹಿಂದಕ್ಕೆ ತೆಗೆಸಿದರು. ನಿರ್ದೇಶಕರು ದೀರ್ಘ ರಜೆಯ ಮೇಲೆ ಹೋದರು, ಮುಂದೆ ಬೇರೊಂದು ಸಂಸ್ಥೆಯಲ್ಲಿ ಸಲಹೆಗಾರರಾಗಿ ಕೂತರು. ಸುದ್ದಿ ಕೇಳಿದ ದಿನ ಕಾಂತಕ್ಕನ ಅತ್ತೆ ತಟ್ಟೆ ದೂಡಿ ಎದ್ದುಹೋದರು.

ಆಸ್ಪತ್ರೆ ನರ್ಸಿಗೆ ಪತ್ರ ಕಳಿಸಿತು: 'ಅನುಮಾನದ ಲಾಭ ನೀಡಿ ಕೆಲಸಕ್ಕೆ ಮರಳಿ ಸೇರಿಸಿಕೊಳ್ಳಲಾಗಿದೆ.' ಅವಳು ಅದನ್ನು ಹಿಡಿದುಕೊಂಡು ಕಾಂತಕ್ಕನ ಮನೆಗೇ ಬಂದಳು.

"ಲಾಭವಂತೆ! ಯಾವ ಅನುಮಾನ ಉಳಿದಿದೆ ಇವರಿಗೆ? ಭಿಕ್ಷೆ ಹಾಕ್ತಿದ್ದಾರಾ ನನಗೆ?" ಅದೇ ಊಟದ ಮೇಜಿನ ಮುಂದೆ ಕೂತು, ಪತ್ರದ ಬೆನ್ನಿಗೇ 'ಒಪ್ಪುವುದಿಲ್ಲ, ತಿದ್ದಿ ಕಳಿಸಿ' ಎಂದು ಬರೆದಳು. ಅತ್ತೆ ಅದಕ್ಕೆ ರಿಜಿಸ್ಟರ್ಡ್ ಅಂಚೆಯ ಚೀಟಿ ತಾವೇ ತುಂಬಿಕೊಟ್ಟರು. ಮೂರು ವಾರದ ಮೇಲೆ ಎರಡನೇ ಪತ್ರ ಬಂತು. ಅದರಲ್ಲಿ 'ಇವರಿಂದ ಯಾವುದೇ ತಪ್ಪು ನಡೆದಿಲ್ಲ' ಎಂದಿತ್ತು. ಕ್ಷಮೆಯ ಮಾತು ಅದರಲ್ಲೂ ಇರಲಿಲ್ಲ. ನರ್ಸ್ ಅದಕ್ಕೆ ಚೌಕಟ್ಟು ಹಾಕಿಸಿ ವಾರ್ಡಿನ ತನ್ನ ಮೇಜಿನ ಮೇಲಿಟ್ಟಳು. ಮೇಲ್ವಿಚಾರಕಿ ತೆಗೆಯಲು ಹೇಳಿದರೆ, ಮೊದಲು ಓದಿ ಎಂದಳು.

ಇದೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ, ತೀರಿಕೊಂಡ ಮೇಷ್ಟ್ರ ಮಗಳು ಪ್ರಯೋಗಾಲಯಕ್ಕೆ ಬಂದಳು. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ, ಕಾಂತಕ್ಕನ ವಯಸ್ಸಿನವಳೇ. ನರ್ಸಿನ ಹತ್ತಿರ ಹೋಗಿ ಕ್ಷಮೆ ಕೇಳಿ ಬಂದೆ ಎಂದಳು. ಆಮೇಲೆ, "ಅದು ಹೇಗಿರುತ್ತೆ ಅಂತ ನೋಡಬೇಕು ನನಗೆ," ಎಂದಳು.

ಕಾಂತಕ್ಕ ಪುಸ್ತಕ ತೆರೆದು, ಅಂಟಿಸಿದ್ದ ಗೆರೆಯನ್ನು ತೋರಿಸಿದಳು. ಉದ್ದಕ್ಕೂ ನಡುಗುವ ಗೆರೆ, ಒಂದು ಕಡೆ ಮೇಲೆದ್ದು ಕೆಳಗಿಳಿದು ಮತ್ತೆ ಸಮವಾಗಿತ್ತು. ಮಗಳು ಬಗ್ಗಿ ಬಹಳ ಹೊತ್ತು ನೋಡಿದಳು. ಅವಳ ಕಣ್ಣು ಪುಟದ ಮೂಲೆಗೆ ಸರಿಯಿತು.

"ಇದು ಅಳೆದ ದಿನದ ತಾರೀಕಾ?"

"ಹೌದು."

"ನಮ್ಮಪ್ಪ ಹೋಗಿದ್ದು ಇದಾದ ಹನ್ನೊಂದು ದಿನಕ್ಕೆ."

ಕಾಂತಕ್ಕನಿಗೆ ಅದು ಗೊತ್ತಿತ್ತು. ಸಮಿತಿಯ ಮುಂದೆ ತಾರೀಕುಗಳನ್ನು ಓದಿದ ದಿನವೇ ಲೆಕ್ಕ ಹಾಕಿದ್ದಳು. ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

"ಆರರಲ್ಲೂ ಇದೆ ಅಂತ ನಿಮಗೆ ಅವತ್ತೇ ಗೊತ್ತಿತ್ತು. ಇದು ಆಸ್ಪತ್ರೆಯ ಪಂಪಿಂದು ಅನ್ನೋದೂ ಗೊತ್ತಿತ್ತಾ?"

"ಗೊತ್ತಿತ್ತು. ಮಾದರಿಯ ಚೀಟೀಲಿ ಬರೆದಿತ್ತು."

"ಒಂದು ಫೋನ್ ಮಾಡಬಹುದಿತ್ತಲ್ಲ ನೀವು."

ಹೇಳಲು ಮಾತುಗಳಿದ್ದವು. ವರದಿ ಮೇಲಕ್ಕೆ ಕಳಿಸಿದ ಮೇಲೆ ನನ್ನ ಜವಾಬ್ದಾರಿ ಮುಗಿಯಿತು ಎನ್ನಬಹುದಿತ್ತು. ಗ್ರಾಹಕರ ಮಾಹಿತಿ ಹೊರಗೆ ಬಿಡಬಾರದೆಂಬ ನಿಯಮವೂ ಇತ್ತು. ಇಷ್ಟು ದಿನ ನಿರ್ದೇಶಕರ ಮೇಲೆ, ವಕೀಲನ ಮೇಲೆ ಕುದಿದ ಸಿಟ್ಟು ಈಗ ಅವಳ ಮೇಲೇ ತಿರುಗಿತು.

"ಮಾಡಬಹುದಿತ್ತು. ಮಾಡಲಿಲ್ಲ," ಎಂದಳು.

ಮಗಳು ತಲೆಯಾಡಿಸಿದಳು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಚೀಲ ಹೆಗಲಿಗೇರಿಸಿ ಮೆಟ್ಟಿಲು ಹತ್ತಿ ಹೋದಳು.

ಮರುದಿನ ಕಾಂತಕ್ಕ ಹೊಸ ನಿರ್ದೇಶಕರಿಗೆ ಒಂದು ಪತ್ರ ಬರೆದಳು. ಜನರ ಜೀವಕ್ಕೆ ಸಂಬಂಧಿಸಿದ ಯಾವುದೇ ಸಾಧನದಲ್ಲಿ ದೋಷ ಕಂಡರೆ, ಅದನ್ನು ಬಳಸುವವರಿಗೆ ಅದೇ ದಿನ ತಾನೇ ನೇರವಾಗಿ ತಿಳಿಸುತ್ತೇನೆ, ಇದಕ್ಕೆ ನಿಯಮ ಅಡ್ಡಿಯಾದರೆ ನಿಯಮ ಬದಲಿಸಿ ಎಂದು. 'ಪರಿಶೀಲಿಸಲಾಗುವುದು' ಎಂದು ಒಂದು ಸಾಲಿನ ಉತ್ತರ ಬಂತು. ಮುಂದಿನ ಸೋಮವಾರ ಇನ್ನೊಂದು ಬರೆದಳು. ಅದಕ್ಕೂ ಅದೇ ಉತ್ತರ. ಮೂರನೆಯದನ್ನು ಬರೆದು, ಪ್ರತಿ ಹಾಳೆಗೂ ಸಹಿ ಹಾಕಿ, ಒಂದು ಪ್ರತಿಯನ್ನು ನ್ಯಾಯಾಧೀಶೆಯ ವಿಳಾಸಕ್ಕೆ, ಇನ್ನೊಂದನ್ನು ಕನ್ನಡಕದ ಅಂಗಡಿಗೆ ಕಳಿಸಿದಳು.